ಸರ್ಕಾರದ ಅಪ್ಪಣೆಯೂ ಪರದೇಶದ ವಿದ್ಯೆಯೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆಯಲ್ಲಿರುವ ‘ಬೇಕು’ ಹಿರಿಯರ ಹಿತವಚನವೇ ಹೊರತು ಅರಸಿನ ಶಾಸನವಲ್ಲ. ಮೇಲಾಗಿ ‘ಇಲ್ಲವೆ’ ಎಂಬ ಬಿಡುಗಡೆಯೊಂದು ಅದರಲ್ಲಿಯೇ ಉಂಟು. ಈಚೆಗೆ ಕೆಲವು ವಿದ್ಯಾಪೀಠಗಳು ಆ ಬಿಡುಗಡೆಯನ್ನು ತೆಗೆದುಹಾಕಿವೆ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಗೌಚರ್ ಕಾಲೇಜು, 2006ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಮೊದಲುಗೊಂಡು, ಪರದೇಶದಲ್ಲಿ ವ್ಯಾಸಂಗ ಮಾಡದವರಿಗೆ ಪದವಿಯಿಲ್ಲವೆಂದು ನಿಯಮ ಮಾಡಿತು. ಜಪಾನಿನಲ್ಲಿ 2004ರಲ್ಲಿ ಸ್ಥಾಪಿತವಾದ ಅಕಿತಾ ಅಂತರರಾಷ್ಟ್ರೀಯ ವಿಶ್ವವಿದ್ಯಾನಿಲಯವೂ ತನ್ನ ವಿದ್ಯಾರ್ಥಿಗಳು ಒಂದು ವರ್ಷ ಹೊರದೇಶದಲ್ಲಿ ಓದಿಬರತಕ್ಕದ್ದೆಂದು ವಿಧಿಸಿತು. ಹೀಗೆ ಕಡ್ಡಾಯ ಮಾಡುವುದು ಲೇಸೆನ್ನುವವರು ಬುದ್ಧಿಯ ವಿಸ್ತಾರವನ್ನು ಕುರಿತು ಮಾತನಾಡುತ್ತಾರೆ. ಅಲ್ಲವೆನ್ನುವವರು ಹಣದ ವೆಚ್ಚವನ್ನು ಲೆಕ್ಕ ಹಾಕುತ್ತಾರೆ. ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದು ಮರೆಯಾಗಿಬಿಡುತ್ತದೆ. ಹೋದವನು ಹಿಂತಿರುಗಿ ಬಂದಾಗ ಅವನು ನಿಲ್ಲುವುದಕ್ಕೆ ಸ್ಥಳವೆಲ್ಲಿ? ಈ ಪ್ರಶ್ನೆಯನ್ನು ತನ್ನ ಮಕ್ಕಳ ಬಾಳಿನ ಮೇಲೆಯೇ ಪ್ರಯೋಗಿಸಿ ನೋಡಿದ ದೇಶವೆಂದರೆ ಜಪಾನು. ಆ ಪ್ರಯೋಗ ನಡೆದದ್ದು ಸುಮಾರು ಒಂದೂವರೆ ಶತಮಾನದ ಹಿಂದೆ.

ಪರದೇಶಕ್ಕೆ ಹೋಗಲೇಬೇಕೆಂದು ಆಜ್ಞಾಪಿಸಿದ ಈ ರಾಜ್ಯವೇ ಅದಕ್ಕೆ ಮುಂಚೆ ಹೋಗಲೇಬಾರದೆಂದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಟ್ಟಪ್ಪಣೆ ಮಾಡಿತ್ತು. 1635ರಲ್ಲಿ ಹೊರಟ ಶೋಗುನರ ಶಾಸನದ ಪ್ರಕಾರ ಜಪಾನೀಯನು ದೇಶ ಬಿಟ್ಟು ಹೊರಡುವುದೂ, ಹೊರಟವನು ಮರಳಿ ಬರುವುದೂ ಮರಣದಂಡನೆಗೆ ಗುರಿಯಾದ ಅಪರಾಧ. ಭಾರತದಲ್ಲಿ ಸಮುದ್ರಯಾನ ಮಾಡಿದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವನ್ನು ಬಲ್ಲ ವಾಚಕರಿಗೆ ಇದು ತೀರ ಅಪರಿಚಿತವಾಗಿ ತೋರಲಾರದು. ಆದರೆ ಪಂಚಗವ್ಯಕ್ಕೂ ಖಡ್ಗಕ್ಕೂ ಇರುವ ಅಂತರ ಅಲ್ಪವಲ್ಲ. ಅಮೆರಿಕದ ನೌಕಾಪತಿ ಪೆರ್ರಿಯು ತನ್ನ ಯುದ್ಧನೌಕೆಗಳೊಡನೆ ಎರಡನೆಯ ಸಲ ಬಂದಿದ್ದಾಗ, 1854ರಲ್ಲಿ, ಯೊಶಿದಾ ಶೋಯಿನ್ ಎಂಬ ತರುಣ ಪಂಡಿತನು ಶಿಷ್ಯನೊಬ್ಬನನ್ನು ಕೂಡಿಕೊಂಡು, ಶಿಮೊದಾ ರೇವಿನಲ್ಲಿ ಸಣ್ಣ ದೋಣಿಯನ್ನೇರಿ ಇರುಳಿನಲ್ಲಿ ಆ ನೌಕೆಯನ್ನು ಮುಟ್ಟಿ, ತಮ್ಮನ್ನು ಪರದೇಶಕ್ಕೆ ಕರೆದೊಯ್ಯಬೇಕೆಂದು ಬೇಡಿಕೊಂಡನು. ಪೆರ್ರಿಯು ಒಪ್ಪಲಿಲ್ಲ. ಗುರುಶಿಷ್ಯರಿಬ್ಬರೂ ಸೆರೆಮನೆ ಸೇರಿದರು. ಶಿಷ್ಯನು ಅಲ್ಲಿಯೇ ಸತ್ತನು. ಶೋಯಿನ್ ಬಿಡುಗಡೆ ಹೊಂದಿ ಊರಿನಲ್ಲಿ ಪುಟ್ಟ ಪಾಠಶಾಲೆಯನ್ನು ನಡಸಿದನು. 1859ರಲ್ಲಿ ಬೇರೊಂದು ರಾಜದ್ರೋಹದ ಆಪಾದನೆಯ ಮೇಲೆ ಅವನ ಶಿರಚ್ಛೇದವಾಯಿತು. ಆ ಪಾಠಶಾಲೆಯಲ್ಲಿ ಕುಳಿತು ಕೇಳಿದವರಲ್ಲಿ ಇತೋ ಹಿರೊಬುಮಿ ಎಂಬ ಹುಡುಗನೊಬ್ಬನು. (ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ತರುವಾಯ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂಬಂಥ ಹೆಸರುಗಳನ್ನು ಬಲ್ಲವರಿಗೆ ಈ ಕ್ರಮ ತೊಡಕಾಗದು.)

ಬಾಗಿಲು ಒಮ್ಮೆಲೆ ತೆರೆಯಲಿಲ್ಲ, ಸಂದುಗಳಲ್ಲಿ ತೆರೆಯಿತು. 1862ರಲ್ಲಿ ಶೋಗುನರ ಸರ್ಕಾರವೇ ಕೆಲವರನ್ನು ಹಾಲೆಂಡಿಗೆ ಕಳುಹಿಸಿತು. ಅವರಲ್ಲೊಬ್ಬನಾದ ನಿಶಿ ಅಮಾನೆ ಲೈಡನ್ ನಗರದಲ್ಲಿ ಓದಿ ಬಂದು, ಪಾಶ್ಚಾತ್ಯರ ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಾಕು’ ಎಂಬ ಹೊಸ ಶಬ್ದವನ್ನು ರಚಿಸಿದನು. ಜಪಾನೀಯರು ಇಂದಿಗೂ ಬಳಸುತ್ತಿರುವುದು ಅದನ್ನೇ. ಮರುವರ್ಷ, 1863ರಲ್ಲಿ, ಚೋಶೂ ಸೀಮೆಯ ಐವರು ತರುಣರು ಶಾಸನವನ್ನು ಮೀರಿ ಗುಟ್ಟಾಗಿ ಲಂಡನ್ನಿಗೆ ಹೊರಟರು. ಇತೋ ಹಿರೊಬುಮಿ ಅವರಲ್ಲೊಬ್ಬ. ಏತಕ್ಕಾಗಿ ಹೋಗುತ್ತೀರೆಂದು ಕೇಳಿದವರಿಗೆ ಅವರಲ್ಲಿ ಒಬ್ಬನು ತನಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಮಾತಿನಲ್ಲಿ ‘ನಾವಿಕವಿದ್ಯೆ’ ಎಂದನಂತೆ; ಅದರ ಫಲವಾಗಿ ಇತೋ ಮತ್ತು ಅವನ ಗೆಳೆಯ ಇನೊವೆ ಕಾವೋರು ಇಬ್ಬರೂ ದಾರಿಯುದ್ದಕ್ಕೂ ಖಲಾಸಿಗಳ ಹಾಗೆ ದುಡಿಯಬೇಕಾಯಿತೆಂದು ಹೇಳುವುದುಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ಅಲೆಕ್ಸಾಂಡರ್ ವಿಲಿಯಂಸನ್ ಈ ತರುಣರನ್ನು ಆದರಿಸಿ ಆಶ್ರಯ ಕೊಟ್ಟನು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇವನ ಮಾತು ಮತ್ತೆ ಬರುವುದು.

ಐವರೂ ಮುಂದೆ ದೇಶದ ಐದು ಕಂಬಗಳಾದರು. ಇತೋ 1885ರಲ್ಲಿ ಜಪಾನಿನ ಮೊದಲನೆಯ ಪ್ರಧಾನಮಂತ್ರಿಯಾದನು. ಇನೊವೆ ಮಸಾರು ರೈಲುದಾರಿಗಳನ್ನು ಹಾಕಿಸಿದನು, ಎಂದೋ ಕಿನ್ಸುಕೆ ಟಂಕಸಾಲೆಯನ್ನು ನಡಸಿದನು, ಯಮಾವೊ ಯೋಜೋ ಎಂಜಿನಿಯರಿಂಗ್ ಕಾಲೇಜಿನ ಸ್ಥಾಪನೆಗೆ ಕಾರಣನಾದನು. ಇನೊವೆ ಕಾವೋರು ಪರರಾಷ್ಟ್ರ ವ್ಯವಹಾರವನ್ನು ನೋಡಿಕೊಂಡನು. ಇವರನ್ನು ಯಾರೂ ಕಡ್ಡಾಯ ಮಾಡಿ ಕಳುಹಿಸಿರಲಿಲ್ಲವೆಂಬುದನ್ನು ಗಮನಿಸಬೇಕು. ತಲೆಯನ್ನು ಪಣವಾಗಿಟ್ಟು ಹೋದವರು ಇವರು. ಇಂಥವರ ಸಫಲತೆಯನ್ನು ಕಂಡು, ಹೋಗಿಬಂದುದರಿಂದಲೇ ಇವರು ಹೀಗಾದರು, ಎಲ್ಲರನ್ನೂ ಕಳುಹಿಸಿದರೆ ಎಲ್ಲರೂ ಹೀಗೆಯೇ ಆಗುವರು ಎಂದು ಎಣಿಸುವುದು ಸುಲಭ. 1868ರಲ್ಲಿ ಚಕ್ರವರ್ತಿ ಮೇಜಿಯ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರವು ಇದೇ ಎಣಿಕೆಯನ್ನು ಮಾಡಿತು.

ಆ ವರ್ಷ ಚಕ್ರವರ್ತಿಯು ಮಾಡಿದ ಐದು ಪ್ರತಿಜ್ಞೆಗಳಲ್ಲಿ ಕೊನೆಯದು, ಜ್ಞಾನವನ್ನು ಜಗತ್ತಿನ ಎಲ್ಲ ಕಡೆಯಿಂದಲೂ ಅರಸಿ ತರಬೇಕೆಂಬುದು. ಪ್ರತಿಜ್ಞೆಯ ಹಿಂದೆಯೇ ಹಡಗುಗಳು ಹೊರಟವು. ಯಾರು ಹೋಗಬೇಕೆಂಬುದಕ್ಕೆ ಮಾತ್ರ ಪರೀಕ್ಷೆಯಿರಲಿಲ್ಲ. ಹೊಸ ಸರ್ಕಾರವನ್ನು ತಂದ ಸಾತ್ಸುಮಾ, ಚೋಶೂ ಮೊದಲಾದ ಸೀಮೆಗಳ ಪ್ರಭಾವಶಾಲಿಗಳ ಮಕ್ಕಳು, ಜಹಗೀರುದಾರರ ಮನೆಯ ಕುಮಾರರು, ಅವರ ಪರಿವಾರದವರು, ಇವರೊಡನೆ ನಿಜವಾಗಿ ಬುದ್ಧಿವಂತರಾದ ಬಡ ಸಮುರಾಯಿ ಹುಡುಗರು ಕೆಲವರು, ಹೀಗೆ ನೂರಾರು ಮಂದಿ ನ್ಯೂಯಾರ್ಕು, ಲಂಡನ್, ಪ್ಯಾರಿಸ್, ಬರ್ಲಿನ್ನುಗಳಲ್ಲಿ ಇಳಿದರು. ಅವರಲ್ಲಿ ಬಹುಮಂದಿಗೆ ಆಯಾ ದೇಶದ ಭಾಷೆಯ ಅಕ್ಷರಗಳ ಪರಿಚಯವೂ ಸಾಲದಾಗಿತ್ತು. ಟೋಕಿಯೋದಲ್ಲಿಯೇ ಒಂದು ವರ್ಷದಲ್ಲಿ ಕಲಿಯಬಹುದಾಗಿದ್ದ ಇಂಗ್ಲಿಷ್ ಬಾಲಪಾಠವನ್ನು ಅವರು ಲಂಡನ್ನಿನ ಬಾಡಿಗೆ ಕೊಟ್ಟು ಲಂಡನ್ನಿನಲ್ಲಿ ಕಲಿಯುತ್ತಿದ್ದರು! 1871ರಲ್ಲಿ ಸ್ಥಾಪಿತವಾದ ಶಿಕ್ಷಣ ಇಲಾಖೆಯು ಮರುವರ್ಷ ದೇಶದ ಹಳ್ಳಿಹಳ್ಳಿಯಲ್ಲಿಯೂ ಶಾಲೆಗಳನ್ನು ತೆರೆಯುವ ಕಾಯಿದೆಯನ್ನು ಹೊರಡಿಸಿತು. ಅದಕ್ಕೆ ಬೇಕಾದ ದ್ರವ್ಯದಲ್ಲಿ ದೊಡ್ಡದೊಂದು ಪಾಲು ಪರದೇಶದ ಈ ನೂರಾರು ವಿದ್ಯಾರ್ಥಿಗಳ ವಸತಿಗೂ ಉಡುಪಿಗೂ ಕರಗಿಹೋಗುತ್ತಿದ್ದಿತು.

1871ರ ಡಿಸೆಂಬರಿನಲ್ಲಿ ರಾಜಪುರುಷ ಇವಾಕುರಾ ತೊಮೊಮಿಯ ಮುಖಂಡತ್ವದಲ್ಲಿ ಯೊಕೊಹಾಮಾದಿಂದ ಹೊರಟ ಮಹಾನಿಯೋಗವು ಅಮೆರಿಕ, ಯೂರೋಪು ಖಂಡಗಳನ್ನು ಸುತ್ತಿತು. ಇತೋ ಹಿರೊಬುಮಿಯೂ ಅದರಲ್ಲಿದ್ದನು. ಈ ನಿಯೋಗದವರು ಹೋದ ಹೋದ ಊರಿನಲ್ಲಿ ತಮ್ಮ ದೇಶದ ವಿದ್ಯಾರ್ಥಿಗಳನ್ನು ಕಣ್ಣಾರೆ ಕಂಡರು. 1873ರಲ್ಲಿ ಅವರು ಮರಳಿದರು. ಆ ವರ್ಷದ ಕೊನೆಯಲ್ಲಿ ಸರ್ಕಾರವು ತನ್ನ ವೆಚ್ಚದಲ್ಲಿ ಪರದೇಶದಲ್ಲಿದ್ದ ವಿದ್ಯಾರ್ಥಿಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಂಡಿತು. ಅಪ್ಪಣೆಯ ಮೇಲೆ ಹೋದವರು ಅಪ್ಪಣೆಯ ಮೇಲೆಯೇ ಮರಳಿದರು. ಯೋಗ್ಯರೂ ಅಯೋಗ್ಯರೂ ಒಂದೇ ಬಲೆಗೆ ಬಿದ್ದುದರಿಂದ ಇದರಲ್ಲಿ ಅನ್ಯಾಯವೂ ನಡೆಯಿತು. ಆದರೆ ತಾನು ಮಾಡಿದ್ದು ತಪ್ಪೆಂದು ಐದೇ ವರ್ಷಗಳಲ್ಲಿ ಒಪ್ಪಿಕೊಂಡು, ಆದ ವೆಚ್ಚದ ಮೇಲಿನ ವ್ಯಾಮೋಹವನ್ನು ಬಿಟ್ಟು, ಹೊಸದಾಗಿ ಮೊದಲುಮಾಡಿದ ಸರ್ಕಾರಗಳು ಚರಿತ್ರೆಯಲ್ಲಿ ವಿರಳ.

ಹೊಸ ಕ್ರಮವು 1875ರಲ್ಲಿ ಜಾರಿಗೆ ಬಂದಿತು. ಟೋಕಿಯೋದ ಕೈಸೆಯಿ ಶಾಲೆಯಲ್ಲಿ ಪರದೇಶದ ಅಧ್ಯಾಪಕರಿಂದ ಪಾಠ ಹೇಳಿಸಿಕೊಂಡು, ಭಾಷೆಯನ್ನೂ ಶಾಸ್ತ್ರದ ಬುನಾದಿಯನ್ನೂ ಗಟ್ಟಿಮಾಡಿಕೊಂಡಿದ್ದವರಲ್ಲಿ ಹನ್ನೊಂದು ಮಂದಿಯನ್ನು ಮಾತ್ರ ಆರಿಸಿ ಕಳುಹಿಸಿದರು. ನೂರಾರು ಎಲ್ಲಿ, ಹನ್ನೊಂದು ಎಲ್ಲಿ! ಅವರಿಗೆ ಕೊಟ್ಟ ಹಣವೂ ದಾನವಲ್ಲ, ಸಾಲ. ಮರುವರ್ಷದ ತಂಡದಲ್ಲಿ ಸಕುರಾಯಿ ಜೋಜಿ ಎಂಬ ರಸಾಯನಶಾಸ್ತ್ರದ ವಿದ್ಯಾರ್ಥಿಯಿದ್ದನು. ಅವನು ಸೇರಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು. ಗುರುವಾಗಿ ದೊರೆತವನು, ಹದಿಮೂರು ವರ್ಷಗಳ ಹಿಂದೆ ಚೋಶೂ ಸೀಮೆಯ ಓಡಿಬಂದ ಹುಡುಗರನ್ನು ಸಲಹಿದ ವಿಲಿಯಂಸನ್ನನೇ. ಸಕುರಾಯಿ 1881ರಲ್ಲಿ ಮರಳಿ, ಮರುವರ್ಷ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಇದೇ ಕ್ರಮ. ಅಲ್ಲಿ ವಾಸ್ತುವಿದ್ಯೆಯನ್ನು ಕಲಿಸುತ್ತಿದ್ದ ಜೊಸಾಯ ಕಾಂಡರ್ ಎಂಬ ಆಂಗ್ಲೇಯನ ಶಿಷ್ಯನಾದ ತತ್ಸುನೊ ಕಿಂಗೊ 1880ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದು, 1884ರಲ್ಲಿ ಗುರುವಿನ ಸ್ಥಾನದಲ್ಲಿಯೇ ಕುಳಿತನು.

ಈ ಕ್ರಮದ ಒಳಗುಟ್ಟು ಇಲ್ಲಿದೆ. ಆ ಕಾಲದಲ್ಲಿ ಜಪಾನ್ ಸರ್ಕಾರವು ಪರದೇಶದ ಅಧ್ಯಾಪಕರಿಗೆ ಕೊಡುತ್ತಿದ್ದ ಸಂಬಳ ವಿಪರೀತವಾದದ್ದು. ದೇಶದ ಮಂತ್ರಿಗಳ ಸಂಬಳವನ್ನು ಮೀರಿದವೂ ಅವುಗಳಲ್ಲಿದ್ದವು. ಪರದೇಶಕ್ಕೆ ಹೋಗುವ ಒಬ್ಬೊಬ್ಬ ವಿದ್ಯಾರ್ಥಿಯೂ ಇಂಥ ಒಬ್ಬೊಬ್ಬ ಅಧ್ಯಾಪಕನ ಪೀಠಕ್ಕೆ ಕಣ್ಣಿಟ್ಟೇ ಹೋಗುತ್ತಿದ್ದನು. ಅವನು ಮರಳಿದ ದಿನ ಪೀಠ ಸಿದ್ಧವಾಗಿರುತ್ತಿತ್ತು. ಅವನ ಶಿಷ್ಯರು ಅದೇ ಪಾಠಕ್ಕಾಗಿ ಹಡಗನ್ನು ಹತ್ತಬೇಕಾದ ಅಗತ್ಯವಿರಲಿಲ್ಲ. ಒಬ್ಬನ ಪ್ರಯಾಣವು ನೂರು ಮಂದಿಯ ಪ್ರಯಾಣವನ್ನು ತಪ್ಪಿಸಬೇಕು: ಇದು ಅವರ ಲೆಕ್ಕ. ಇದರ ಬಹುದೊಡ್ಡ ಫಲವು ಭಾಷೆಯಲ್ಲಿ ಕಂಡಿತು. 1877ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. 1880ರ ದಶಕದಲ್ಲಿ ಅವು ಜಪಾನೀ ಭಾಷೆಗೆ ತಿರುಗಿದವು. 1883ರಲ್ಲಿ ಭೌತವಿಜ್ಞಾನದ ವಿದ್ವಾಂಸರು ಕೂಡಿ ಪಾರಿಭಾಷಿಕ ಶಬ್ದಗಳನ್ನು ಒಂದೊಂದಾಗಿ ನಿಶ್ಚಯಿಸತೊಡಗಿ, 1888ರಲ್ಲಿ ಅವುಗಳ ಕೋಶವನ್ನು ಅಚ್ಚುಹಾಕಿಸಿದರು. ಕನ್ನಡದಲ್ಲಿ ಶಾಸ್ತ್ರಗ್ರಂಥಗಳನ್ನು ಬರೆಯಲು ಹೊರಟು ಪರಿಭಾಷೆಯ ಕೊರತೆಯಿಂದ ಕೈಚೆಲ್ಲಿದವರ ಕಷ್ಟವನ್ನು ಬಲ್ಲವರು ಈ ಐದು ವರ್ಷಗಳ ದುಡಿಮೆಯ ಬೆಲೆಯನ್ನು ತಿಳಿಯಬಲ್ಲರು. ಪರದೇಶದಲ್ಲಿ ಕಲಿತ ವಿದ್ಯೆಯು ಪರಭಾಷೆಯಲ್ಲಿಯೇ ಉಳಿದಿದ್ದರೆ ಅದು ಕಲಿತವನ ಸೊತ್ತಾಗಿರುತ್ತಿತ್ತೇ ಹೊರತು ದೇಶದ ಸೊತ್ತಾಗುತ್ತಿರಲಿಲ್ಲ.

ಭೌತವಿಜ್ಞಾನದ ಆ ವಿದ್ವಾಂಸರಲ್ಲಿ ಯಮಾಕಾವಾ ಕೆಂಜಿರೊ ಪ್ರಮುಖನು. ಇವನು ಹುಟ್ಟಿದ ಐಜು ಸೀಮೆಯು 1868ರ ಯುದ್ಧದಲ್ಲಿ ಶೋಗುನರ ಪಕ್ಷದಲ್ಲಿದ್ದು ಸೋತು ನೆಲಕಚ್ಚಿದ ಸೀಮೆ. 1871ರಲ್ಲಿ ಅಮೆರಿಕಕ್ಕೆ ಹೋಗಿ ಯೇಲ್ ವಿದ್ಯಾಪೀಠದಲ್ಲಿ ಓದುತ್ತಿದ್ದ ಇವನಿಗೂ ಮರಳುವ ಅಪ್ಪಣೆ ಬಂದಿತ್ತು. ಅಲ್ಲಿಯ ಹಿತೈಷಿಗಳ ನೆರವಿನಿಂದ ನಿಂತು 1875ರಲ್ಲಿ ಪದವಿ ಪಡೆದನು. 1879ರಲ್ಲಿ ಭೌತವಿಜ್ಞಾನದ ಮೊದಲನೆಯ ಜಪಾನೀ ಪ್ರಾಧ್ಯಾಪಕನಾಗಿ, 1901ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಅಧ್ಯಕ್ಷನೇ ಆದನು. ಸೋತ ಸೀಮೆಯ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಇಲ್ಲ. ಆದರೆ ಅವನಿಗೆ ತಂಗಿಯೊಬ್ಬಳಿದ್ದಳು.

ಇವಾಕುರಾ ನಿಯೋಗದ ಹಡಗಿನಲ್ಲಿ ಐದು ಮಂದಿ ಬಾಲಿಕೆಯರನ್ನೂ ಕಳುಹಿಸಿದ್ದರು. ನಾಗರಿಕತೆಯ ಮೂಲ ಸುಶಿಕ್ಷಿತರಾದ ತಾಯಂದಿರೆಂದು ಯಾರೋ ಹೇಳಿದುದನ್ನು ಕೇಳಿ, ಹೊಕ್ಕಾಯಿದೋ ದ್ವೀಪದ ಅಭಿವೃದ್ಧಿಯ ಇಲಾಖೆಯವರು ಹತ್ತು ವರ್ಷಗಳ ಅವಧಿಗೆ ಇವರನ್ನು ಅಮೆರಿಕದಲ್ಲಿ ಬೆಳೆಸಲು ನಿಶ್ಚಯಿಸಿದರು. ಹಿರಿಯರಿಬ್ಬರು ಆರೋಗ್ಯ ಕೆಟ್ಟು ಬೇಗನೆ ಮರಳಿದರು. ಉಳಿದವರು ಯಮಾಕಾವಾ ಸುತೆಮಾತ್ಸು, ನಗಾಯಿ ಶಿಗೆ, ತ್ಸುದಾ ಉಮೆಕೊ. ಉಮೆಕೊಗೆ ಆಗ ಆರು ವರ್ಷ. ಹನ್ನೊಂದು ವರ್ಷದ ಸುತೆಮಾತ್ಸು ಕೆಂಜಿರೊನ ತಂಗಿ. ಅವಳ ಮೊದಲಿನ ಹೆಸರು ಸಾಕಿಕೊ. ಹಡಗು ಹೊರಡುವ ಮುನ್ನ ತಾಯಿಯೇ ಅವಳಿಗೆ ಸುತೆಮಾತ್ಸು ಎಂದು ಹೆಸರು ಬದಲಿಸಿದಳು. ‘ಬಿಟ್ಟುಕೊಟ್ಟು ಕಾಯುವುದು’ ಎಂಬ ಅರ್ಥ ಆ ಹೆಸರಿನಲ್ಲಿ ಅಡಗಿದೆ. ಆರು ವರ್ಷದ ಕೂಸನ್ನು ವಿದ್ಯಾರ್ಥಿಯೆಂದು ಕರೆಯುವುದೇ ಹಾಸ್ಯಾಸ್ಪದ. ಆದರೂ ಸರ್ಕಾರದ ದಫ್ತರದಲ್ಲಿ ಅವಳು ವಿದ್ಯಾರ್ಥಿಯೇ.

ಸುತೆಮಾತ್ಸು ವಾಸರ್ ಕಾಲೇಜಿನಲ್ಲಿ 1882ರಲ್ಲಿ ಪದವೀಧರೆಯಾದಳು. ಕಾಲೇಜಿನ ಪದವಿ ಪಡೆದ ಮೊದಲನೆಯ ಜಪಾನೀ ಸ್ತ್ರೀ ಇವಳೇ. ಆ ವರ್ಷವೇ ಉಮೆಕೊ ಮತ್ತು ಅವಳು ಸ್ವದೇಶಕ್ಕೆ ಮರಳಿದರು. ಅವರನ್ನು ಕಳುಹಿಸಿದ್ದ ಇಲಾಖೆಯನ್ನು ಅದೇ 1882ರಲ್ಲಿ ಸರ್ಕಾರ ಮುಚ್ಚಿಬಿಟ್ಟಿತ್ತು. ಅಣ್ಣನಿಗೆ ಪೀಠ ಕಾದಿತ್ತು. ತಂಗಿಗೆ ಕಾದುದು ಏನೂ ಇಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಬಹುದೆಂಬ ಸೂಚನೆ ಬಂದರೂ ಪಠ್ಯಪುಸ್ತಕವನ್ನು ಓದುವಷ್ಟು ಜಪಾನೀ ಅಕ್ಷರಜ್ಞಾನ ಅವಳಿಗೆ ಉಳಿದಿರಲಿಲ್ಲ. ಮರುವರ್ಷ ಅವಳು ಯುದ್ಧಮಂತ್ರಿ ಒಯಾಮಾ ಇವಾವೊನನ್ನು ಮದುವೆಯಾದಳು. ಅವನ ಸಾತ್ಸುಮಾ ನುಡಿ ಅವಳಿಗೆ ತಿಳಿಯದೆ, ಜಿನೀವಾದಲ್ಲಿ ಓದಿದ್ದ ಅವನೂ ನ್ಯೂಹೇವನ್ನಿನಲ್ಲಿ ಬೆಳೆದ ಅವಳೂ ಮೊದಮೊದಲು ಫ್ರೆಂಚ್ ಭಾಷೆಯಲ್ಲಿ ಮಾತನಾಡಿಕೊಂಡರೆಂದು ಹೇಳುತ್ತಾರೆ. ಉಮೆಕೊಳ ಸ್ಥಿತಿ ಇನ್ನೂ ಕಷ್ಟ. ಹದಿನೇಳು ವರ್ಷದ ಆ ಕನ್ಯೆಗೆ ತಾಯ್ನುಡಿ ಪೂರ್ತಿ ಮರೆತುಹೋಗಿತ್ತು. ಇಂಗ್ಲಿಷ್ ಬಲ್ಲ ತಂದೆಯೊಡನೆ ಮಾತನಾಡಬಲ್ಲವಳು ಹೆತ್ತ ತಾಯಿಯ ಮುಂದೆ ಮೂಕಿಯಾಗಿ ನಿಂತಳು. ಸರ್ಕಾರವು ಹತ್ತು ವರ್ಷಗಳಲ್ಲಿ ಮಾಡಿದ ವೆಚ್ಚದ ಪಟ್ಟಿಯಲ್ಲಿ ಈ ಬಾಬತ್ತು ಎಲ್ಲಿಯೂ ಬರೆದಿರಲಾರದು.

ಉಮೆಕೊ ಸೋಲಲಿಲ್ಲವೆಂಬುದು ನಿಜ. ಅವಳು ತನ್ನ ಭಾಷೆಯನ್ನು ಪರಭಾಷೆಯಂತೆ ಮತ್ತೆ ಕಲಿತಳು. 1889ರಲ್ಲಿ ಈ ಸಲ ತನ್ನ ಇಷ್ಟದಿಂದ ಅಮೆರಿಕಕ್ಕೆ ಹೋಗಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಓದಿದಳು. ಕಪ್ಪೆಯ ಮೊಟ್ಟೆಗಳನ್ನು ಕುರಿತು ಅವಳು ಟಿ. ಎಚ್. ಮಾರ್ಗನ್ನನೊಡನೆ ಬರೆದ ಪ್ರಬಂಧ 1894ರಲ್ಲಿ ಪ್ರಕಟವಾಯಿತು. 1900ರಲ್ಲಿ ಹತ್ತು ಮಂದಿ ವಿದ್ಯಾರ್ಥಿನಿಯರಿಂದ ಟೋಕಿಯೋದಲ್ಲಿ ತನ್ನದೇ ಶಾಲೆಯನ್ನು ತೆರೆದಳು. ಸರ್ಕಾರ ಅಣಿಮಾಡದಿದ್ದ ಸ್ಥಳವನ್ನು ಅವಳು ಹದಿನೆಂಟು ವರ್ಷಗಳ ತರುವಾಯ ತಾನೇ ಕಟ್ಟಿಕೊಂಡಳು.

ಯೋಗ್ಯತೆಯಿದ್ದೂ ಸ್ಥಳವಿಲ್ಲದೆ ಹೋದ ಗಂಡಸರೂ ಇದ್ದರು. ವೈದ್ಯ ಕಿತಾಸಾತೊ ಶಿಬಾಸಾಬುರೊ ಸರ್ಕಾರದ ವತಿಯಿಂದ ಬರ್ಲಿನ್ನಿಗೆ ಹೋಗಿ ರಾಬರ್ಟ್ ಕಾಖನ ಪ್ರಯೋಗಶಾಲೆಯಲ್ಲಿ 1889ರಲ್ಲಿ ಧನುರ್ವಾತದ ಸೂಕ್ಷ್ಮಜೀವಿಯನ್ನು ಶುದ್ಧರೂಪದಲ್ಲಿ ಬೆಳೆಸಿದನು; ಮರುವರ್ಷ ಬೇರಿಂಗನೊಡನೆ ರಕ್ತದ್ರವದ ಚಿಕಿತ್ಸೆಗೆ ತಳಹದಿ ಹಾಕಿದನು. ಆದರೆ ಬೆರಿಬೆರಿ ರೋಗದ ವಿಷಯದಲ್ಲಿ ತನ್ನ ಹಿಂದಿನ ಗುರುವಿನ ಮತವನ್ನು ಖಂಡಿಸಿದ ತಪ್ಪಿಗಾಗಿ, 1892ರಲ್ಲಿ ಮರಳಿದ ಅವನಿಗೆ ಟೋಕಿಯೋ ವಿಶ್ವವಿದ್ಯಾನಿಲಯವು ಬಾಗಿಲು ತೆರೆಯಲಿಲ್ಲ. ಫುಕುಜಾವಾ ಯುಕಿಚಿಯ ಔದಾರ್ಯದಿಂದ ಅವನಿಗೆ ಬೇರೊಂದು ಪ್ರಯೋಗಶಾಲೆ ದೊರೆಯಿತು.

ಅಪ್ಪಣೆಯ ಮೇಲೆ ಹೋದವರಲ್ಲಿ ಅತ್ಯಂತ ಕಹಿಯನ್ನುಂಡವನು ಕಾದಂಬರಿಕಾರ ನತ್ಸುಮೆ ಸೋಸೆಕಿ. 1900ರಲ್ಲಿ ಕುಮಾಮೊತೊ ನಗರದಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿದ್ದ ಅವನಿಗೆ ಶಿಕ್ಷಣ ಇಲಾಖೆಯಿಂದ ಎರಡು ವರ್ಷ ಇಂಗ್ಲೆಂಡಿನಲ್ಲಿ ಓದಿಬರಬೇಕೆಂಬ ಅಪ್ಪಣೆ ಬಂದಿತು. ಅವನು ಕೇಳಿರಲಿಲ್ಲ, ಹೋಗುವ ಆತುರವೂ ಇರಲಿಲ್ಲ. ಅಪ್ಪಣೆಯಲ್ಲಿ ವಿಷಯವು ‘ಇಂಗ್ಲಿಷ್ ಭಾಷೆ’ ಎಂದಿದ್ದಿತು. ಸಾಹಿತ್ಯವನ್ನು ಓದಬಹುದೇ ಎಂದು ಅವನು ಇಲಾಖೆಯನ್ನು ಕೇಳಿ ತಿಳಿಯಬೇಕಾಯಿತು. ವರ್ಷಕ್ಕೆ 1800 ಯೆನ್ ವೇತನ. ಲಂಡನ್ನಿನ ಬೆಲೆಗಳಲ್ಲಿ ಅದು ಕಾಲೇಜಿನ ಬಾಳಿಗೆ ಸಾಲದು. ಕೆಲವು ದಿನ ಯೂನಿವರ್ಸಿಟಿ ಕಾಲೇಜಿನ ಉಪನ್ಯಾಸಗಳಿಗೆ ಹೋಗಿ ಬಿಟ್ಟುಬಿಟ್ಟನು. ವಿಲಿಯಂ ಕ್ರೇಗ್ ಎಂಬ ಷೇಕ್ಸ್‌ಪಿಯರ್ ಪಂಡಿತನ ಮನೆಯಲ್ಲಿ ಕೆಲವು ಕಾಲ ಪಾಠ ಹೇಳಿಸಿಕೊಂಡನು. ತರುವಾಯ ಅಗ್ಗದ ವಸತಿಗೃಹಗಳಲ್ಲಿ ಕದವಿಕ್ಕಿಕೊಂಡು, ಉಳಿದ ಹಣಕ್ಕೆಲ್ಲ ಪುಸ್ತಕಗಳನ್ನು ಕೊಂಡು ಓದಿದನು. ಅವನಿಗೆ ಮತಿಭ್ರಮಣೆಯಾಯಿತೆಂಬ ಸುದ್ದಿ ಟೋಕಿಯೋವನ್ನು ಮುಟ್ಟಿತು. ಲಂಡನ್ನಿನ ಎರಡು ವರ್ಷಗಳು ತನ್ನ ಬಾಳಿನಲ್ಲಿಯೇ ಅತ್ಯಂತ ಅಸುಖದ ವರ್ಷಗಳೆಂದು ಅವನೇ ಮುಂದೆ ಬರೆದಿದ್ದಾನೆ.

ಆ ಕತ್ತಲೆಯಲ್ಲಿ ಬೆಳಕು ತಂದವನು ಇಂಗ್ಲಿಷಿನವನಲ್ಲ, ಜಪಾನೀಯನೇ. ಜರ್ಮನಿಯಲ್ಲಿ ಓದು ಮುಗಿಸಿ ಲಂಡನ್ನಿಗೆ ಬಂದ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞನು 1901ರಲ್ಲಿ ಸುಮಾರು ಎರಡು ತಿಂಗಳು ಸೋಸೆಕಿಯ ವಸತಿಗೃಹದಲ್ಲಿಯೇ ಇಳಿದನು. ಇಬ್ಬರೂ ರಾತ್ರಿಯೆಲ್ಲ ತತ್ತ್ವವನ್ನೂ ವಿಜ್ಞಾನವನ್ನೂ ಕುರಿತು ಮಾತನಾಡಿದರು. ವಿಜ್ಞಾನಿಯು ಜಗತ್ತನ್ನು ಪರಿಶೀಲಿಸುವಂತೆ ಸಾಹಿತ್ಯವನ್ನು ಮೂಲದಿಂದ ಪರಿಶೀಲಿಸಬೇಕೆಂಬ ಸಂಕಲ್ಪ ಸೋಸೆಕಿಗೆ ಹುಟ್ಟಿದುದು ಆಗಲೇ. 1907ರಲ್ಲಿ ಹೊರಬಂದ ಅವನ ಸಾಹಿತ್ಯಮೀಮಾಂಸೆಯ ಗ್ರಂಥಕ್ಕೆ ಬೀಜವೂ ಅದೇ. ಈ ಇಕೆದಾ ಯಾರು? ಟೋಕಿಯೋದಲ್ಲಿ ಸಕುರಾಯಿ ಜೋಜಿಯ ಶಿಷ್ಯ. ಸಕುರಾಯಿ ವಿಲಿಯಂಸನ್ನನ ಶಿಷ್ಯ. 1863ರಲ್ಲಿ ಒಬ್ಬ ಸಜ್ಜನನ ಮನೆಯಲ್ಲಿ ತೊಡಗಿದ ಎಳೆಯು ನಾಲ್ಕು ದಶಕಗಳ ತರುವಾಯ ಹೀಗೆ ಒಬ್ಬ ಕಾದಂಬರಿಕಾರನ ಕೊಠಡಿಯನ್ನು ಮುಟ್ಟಿತು. ಇದನ್ನು ಯಾವ ಇಲಾಖೆಯೂ ನಿಯಮಿಸಿರಲಿಲ್ಲ. ಇಕೆದಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ‘ಉಮಾಮಿ’ ರುಚಿಯ ಲವಣವನ್ನು ಬೇರ್ಪಡಿಸಿ ಲೋಕಪ್ರಸಿದ್ಧನಾದನು.

1903ರಲ್ಲಿ ಮರಳಿದ ಸೋಸೆಕಿಗೆ ಪೀಠವೇನೋ ಸಿದ್ಧವಾಗಿತ್ತು. ಅದು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಲಾಫ್ಕಾಡಿಯೋ ಹರ್ನ್ ತೆರವು ಮಾಡಿದ ಪೀಠ. ಹರ್ನನು ಜಪಾನನ್ನು ಪ್ರಾಣದಂತೆ ಪ್ರೀತಿಸಿದ ಲೇಖಕ. ವಿದ್ಯಾರ್ಥಿಗಳಿಗೆ ಅವನಲ್ಲಿ ಅಪಾರ ಭಕ್ತಿ. ಅವನನ್ನು ಬಿಡಿಸಬಾರದೆಂದು ಅವರು ಗಲಭೆ ಎಬ್ಬಿಸಿದರು. ಹೊಸ ಅಧ್ಯಾಪಕನ ಶುಷ್ಕವಾದ ವಿಶ್ಲೇಷಣೆ ಅವರಿಗೆ ಮೊದಲು ರುಚಿಸಲಿಲ್ಲ. ಸರ್ಕಾರದ ಋಣ ತೀರಿಸುವುದಕ್ಕಾಗಿ ನಾಲ್ಕು ವರ್ಷ ದುಡಿದು, 1907ರಲ್ಲಿ ಸೋಸೆಕಿ ಪೀಠವನ್ನು ಬಿಟ್ಟು ವೃತ್ತಪತ್ರಿಕೆಯೊಂದನ್ನು ಸೇರಿ ಕಾದಂಬರಿಗಳನ್ನು ಬರೆದನು. ಇಲಾಖೆಯ ದೃಷ್ಟಿಯಲ್ಲಿ ಇದು ನಷ್ಟ. ಜಪಾನೀ ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಲಾಭವಿಲ್ಲ. ಸೋಸೆಕಿಯ ಮುಖಚಿತ್ರವು 1984ರಿಂದ ಕೆಲವು ಕಾಲ ಸಾವಿರ ಯೆನ್ನಿನ ನೋಟಿನ ಮೇಲಿದ್ದಿತು. 2024ರಲ್ಲಿ ಹೊರಟ ಹೊಸ ನೋಟುಗಳ ಪೈಕಿ ಸಾವಿರದ ಮೇಲೆ ಕಿತಾಸಾತೊ, ಐದು ಸಾವಿರದ ಮೇಲೆ ತ್ಸುದಾ ಉಮೆಕೊ. ಮರಳಿದಾಗ ಸ್ಥಳ ಕೊಡಲಾರದೆ ಹೋದವರಿಗೆ ನೋಟಿನ ಮೇಲೆ ಸ್ಥಳ ಕೊಟ್ಟದ್ದು ತಡವಾದ ನ್ಯಾಯ.

ಜಪಾನಿನ ಈ ಏಳಿಗೆಯ ವರ್ತಮಾನವು ಕನ್ನಡಿಗರನ್ನು ಮುಟ್ಟಲು ಬಹಳ ಕಾಲ ಹಿಡಿಯಲಿಲ್ಲ. ಬೊಂಬಾಯಿ ಸರ್ಕಾರದಲ್ಲಿ ಎಂಜಿನಿಯರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಆ ದೇಶವನ್ನು ಕಂಡುಬಂದರು. ಅವರು ಸ್ವತಃ ಪುಣೆಯಲ್ಲಿ ಓದಿದವರು. ವಿದ್ಯಾರ್ಥಿಯಾಗಿ ಸಮುದ್ರವನ್ನು ದಾಟಿದವರಲ್ಲ. ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ, ಅವರು ಮೊದಲು ನೆರವೇರಿಸಿದ್ದು ನಾಡಿನಲ್ಲಿಯೇ ಒಂದು ವಿಶ್ವವಿದ್ಯಾನಿಲಯದ ಸ್ಥಾಪನೆಯನ್ನು. ಜಮ್‌ಸೇಟ್‌ಜಿ ಟಾಟಾರವರ ಬಾಳಿನಲ್ಲಿಯೂ ಇದೇ ಜೋಡಿ ಆಲೋಚನೆ ಕಾಣುತ್ತದೆ. ಅವರು 1892ರಲ್ಲಿ ಭಾರತೀಯ ತರುಣರನ್ನು ಪರದೇಶಕ್ಕೆ ಕಳುಹಿಸಲು ನಿಧಿಯೊಂದನ್ನು ಸ್ಥಾಪಿಸಿದರು; 1875ರ ಜಪಾನೀ ಕ್ರಮದಂತೆ ಇದೂ ಸಾಲವೇ. ಪರದೇಶದ ಉನ್ನತ ವಿದ್ಯೆ ಸ್ವದೇಶದಲ್ಲಿಯೇ ದೊರೆಯಬೇಕೆಂದು ಅವರು ಸಂಕಲ್ಪಿಸಿದ ವಿಜ್ಞಾನ ಮಂದಿರವು, ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ನೆಲದಲ್ಲಿ, ಅವರು ಕಾಲವಾದ ತರುವಾಯ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಊರಿನವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್.

ಕಡ್ಡಾಯ ಪ್ರಯಾಣದ ಇನ್ನೊಂದು ಬಗೆಯನ್ನೂ ಭಾರತವು ಬಲ್ಲದು. ಇಂಡಿಯನ್ ಸಿವಿಲ್ ಸರ್ವಿಸಿನ ಪರೀಕ್ಷೆಯು 1922ರವರೆಗೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಧಾರವಾಡದ ಹುಡುಗನು ಧಾರವಾಡ ಜಿಲ್ಲೆಯನ್ನು ಆಳಬೇಕಾದರೆ ಲಂಡನ್ನಿಗೆ ಹೋಗಿ ಉತ್ತರ ಬರೆಯಬೇಕಾಗಿತ್ತು. ಅಲ್ಲಿ ಪ್ರಯಾಣದ ಗುರಿ ವಿದ್ಯೆಯಲ್ಲ, ಬಹುಮಂದಿಯನ್ನು ದೂರವಿಡುವುದು. ಈ ಸರ್ಕಾರೀ ಕಟ್ಟಳೆಗಿಂತ ಸೂಕ್ಷ್ಮವಾದುದು ಸದುದ್ದೇಶದ ಕಟ್ಟಳೆ. ಕಲ್ಕತ್ತೆಯಲ್ಲಿ ಸರ್ ತಾರಕನಾಥ ಪಾಲಿತರು ಸ್ಥಾಪಿಸಿದ ಭೌತವಿಜ್ಞಾನದ ಪೀಠಕ್ಕೆ ಬರುವವರು ಪರದೇಶದಲ್ಲಿ ಶಿಕ್ಷಣ ಪಡೆದಿರಬೇಕೆಂಬ ನಿಬಂಧನೆಯಿದ್ದಿತು. ಆ ಪೀಠಕ್ಕೆ ಆರಿಸಲಾದ ಸಿ. ವಿ. ರಾಮನ್‌ರವರು ಅದಕ್ಕಾಗಿ ಪರದೇಶಕ್ಕೆ ಹೋಗಿ ಕಲಿತುಬರಲು ಒಪ್ಪಲಿಲ್ಲ. ಸರ್ ಆಶುತೋಷ ಮುಖರ್ಜಿಯವರ ಪ್ರಭಾವದಿಂದ ನಿಬಂಧನೆಯನ್ನು ಸಡಿಲಿಸಿದರು. ರಾಮನ್‌ರವರು 1917ರಲ್ಲಿ ಪೀಠವನ್ನೇರಿದರು. ಅವರು ಮೊದಲ ಸಲ ಸಮುದ್ರವನ್ನು ದಾಟಿದ್ದು 1921ರಲ್ಲಿ, ವಿದ್ಯಾರ್ಥಿಯಾಗಿ ಅಲ್ಲ, ಪ್ರತಿನಿಧಿಯಾಗಿ. 1928ರಲ್ಲಿ ಕಲ್ಕತ್ತೆಯಲ್ಲಿಯೇ ಮಾಡಿದ ಶೋಧಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂದಿತು.

1933ರಲ್ಲಿ ರಾಮನ್‌ರವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. 1939ರಲ್ಲಿ ಯುದ್ಧ ತೊಡಗಿತು. ರಜೆಗಾಗಿ ಸ್ವದೇಶಕ್ಕೆ ಬಂದಿದ್ದ ಕೇಂಬ್ರಿಡ್ಜಿನ ವಿಜ್ಞಾನಿ ಹೋಮಿ ಭಾಭಾ ಹಿಂತಿರುಗಲಾರದೆ ಬೆಂಗಳೂರಿನಲ್ಲಿ ನಿಂತರು. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ವಿಕ್ರಮ ಸಾರಾಭಾಯಿಯವರೂ ಯುದ್ಧದ ಕಾರಣದಿಂದ ಮರಳಿ, ರಾಮನ್‌ರವರ ಬಳಿ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ಪರದೇಶದ ವಿದ್ಯಾರ್ಥಿಯಾಗಲು ಒಪ್ಪದಿದ್ದ ಗುರುವಿನ ಆವರಣದಲ್ಲಿ ಪರದೇಶಕ್ಕೆ ಹೋಗಲಾರದೆ ಹೋದ ಇಬ್ಬರು ತರುಣರು ಹೀಗೆ ಕಲೆತರು. 1945ರಲ್ಲಿ ಹಡಗುಗಳು ಮತ್ತೆ ಓಡತೊಡಗಿದಾಗ ಸಾರಾಭಾಯಿಯವರು ಕೇಂಬ್ರಿಡ್ಜಿಗೆ ಹೋಗಿ, 1947ರಲ್ಲಿ ಡಾಕ್ಟರ್ ಪದವಿಯೊಡನೆ ಮರಳಿದರು. ಭಾಭಾರವರು ಹೋಗಲಿಲ್ಲ. ಅದೇ 1945ರಲ್ಲಿ ಅವರು ಬೆಂಗಳೂರಿನ ಆ ಆವರಣದಲ್ಲಿಯೇ ಮೂಲವಿಜ್ಞಾನಗಳ ಸಂಶೋಧನೆಗಾಗಿ ಹೊಸದೊಂದು ಸಂಸ್ಥೆಯನ್ನು ಆರಂಭಿಸಿ, ವರ್ಷ ತುಂಬುವುದರೊಳಗಾಗಿ ಅದನ್ನು ಬೊಂಬಾಯಿಗೆ ಸಾಗಿಸಿದರು.